ನಿಜ್ವಾ ಕೋಟೆಯ ಮೇಲಿನಿಂದ ಕಾಣುವ ಸಮುದ್ರ

ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕತ್ತಿಗೆ ಬಂದ ನಾನು ಮೊದಲ ಮೂರು ವರ್ಷ ಉಡುಪಿಯಲ್ಲಿದ್ದ ಹೆಂಡತಿಗೆ ವಾರಕ್ಕೊಂದು ಪತ್ರ ಬರೆಯುತ್ತಿದ್ದೆ. ಬರೆಯಲು ವಿಷಯ ಮಾತ್ರ ಇರಲಿಲ್ಲ. ಶುಕ್ರವಾರದ ರಜೆಯೆಂದರೆ ಮಸ್ಕತ್ತಿನ ರೂವಿ ಬಡಾವಣೆಯ ಕೋಣೆಯಲ್ಲಿ ಹತ್ತು ಗಂಟೆವರೆಗೆ ಮಲಗುವುದು, ಬಟ್ಟೆ ಒಗೆಯುವುದು, ಗಂಜಿ ಉಂಡು ಮತ್ತೆ ಮಲಗುವುದು. ಇದನ್ನು ಊರಿಗೆ ಬರೆದರೆ ಗಲ್ಫಿಗೆ ಹೋದ ಗಂಡನ ಮರ್ಯಾದೆ ಏನಾಗಬೇಕು?

ಆಫೀಸಿನ ಗೋಡೆಯಲ್ಲಿ ಒಂದು ಕ್ಯಾಲೆಂಡರಿತ್ತು, ತಿಂಗಳಿಗೊಂದು ಊರಿನ ಚಿತ್ರ. ಅದನ್ನು ನೋಡಿ ನಾನು ಕುರ್ಚಿ ಬಿಟ್ಟೇಳದೆ ಒಮಾನ್ ಇಡೀ ಸುತ್ತಿದೆ. ನಿಜ್ವಾ ಕೋಟೆಯ ತಿಂಗಳು ಬಂದಾಗಲಂತೂ ಕೈ ನಿಲ್ಲಲಿಲ್ಲ. ದೊಡ್ಡ ದುಂಡು ಬುರುಜು ಹತ್ತಿದೆ, ಮೇಲೆ ತಂಗಾಳಿ, ಎದುರಿಗೆ ನೀಲಿ ಸಮುದ್ರ, ನಿನ್ನ ನೆನಪಾಯಿತು ಎಂದು ನಾಲ್ಕು ಪುಟ ತುಂಬಿಸಿದೆ. ಕರಾವಳಿಯವನ ತಲೆಯಲ್ಲಿ ಕೋಟೆ ಎಂದರೆ ಬುಡದಲ್ಲಿ ಸಮುದ್ರ ಇದ್ದೇ ಇರುತ್ತದೆ. ಮಸ್ಕತ್ತಿನ ಹಳೇ ಬಂದರು ಮತ್ರಾದಲ್ಲಿ ನಾನು ಕಂಡಿದ್ದ ಒಂದೇ ಒಂದು ಕೋಟೆಯೂ ಹಾಗೆಯೇ ಇತ್ತು. ವಿಚಾರಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಫ್ಯಾಮಿಲಿ ವೀಸಾ ಒಂದು ವರ್ಷದಲ್ಲೇ ಸಿಗುವ ಹಾಗಿತ್ತು. ಹೆಂಡತಿ ಶಾಲೆಯಲ್ಲಿ ಟೀಚರ್ ಆಗಿದ್ದಳು, ಕೆಲಸ ಬಿಟ್ಟು ಬಂದದ್ದು ಮೂರು ವರ್ಷದ ಮೇಲೆ. ಬಂದ ತಿಂಗಳೇ ಆ ಕೋಟೆ ತೋರಿಸಿ ಎಂದಳು. ಸೆಕೆ ಎಂದೆ, ಓವರ್‌ಟೈಮ್ ಎಂದೆ, ಹೊಟ್ಟೆನೋವು ಎಂದೂ ಒಮ್ಮೆ ಮಲಗಿದೆ. ಡಿಸೆಂಬರ್ ಬಂತು, ಹವೆ ತಂಪಾಯಿತು, ನನ್ನ ನೆಪಗಳೆಲ್ಲ ಖಲಾಸ್. ಒಂದು ಶುಕ್ರವಾರ ಅವಳು ನಸುಕಿಗೆ ಎದ್ದು ಬನ್ಸ್ ಕರಿದು ಡಬ್ಬಿಗೆ ತುಂಬಿದಳು. ಅವಳು ನನ್ನ ಮಾತನ್ನು ಒಮ್ಮೆಯೂ ಅನುಮಾನಿಸಿದವಳಲ್ಲ. ಸಂಜೆಯೊಳಗೆ ಆ ನಂಬಿಕೆ ಹೋಗುತ್ತದಲ್ಲ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ರೂವಿಯಿಂದ ಬಸ್ಸು ಹತ್ತಿದೆವು. ಕಿಟಕಿಯಾಚೆ ಕಂಡದ್ದಕ್ಕೆಲ್ಲ ನಾನು ವಿವರಣೆ ಕೊಟ್ಟೆ, ಅರ್ಧ ಊಹೆ, ಅರ್ಧ ಶುದ್ಧ ಸುಳ್ಳು. ಸ್ವಲ್ಪ ಹೊತ್ತಿಗೆ ಬಸ್ಸು ಸಮುದ್ರಕ್ಕೆ ಬೆನ್ನು ಹಾಕಿ ಬೋಳು ಗುಡ್ಡಗಳ ನಡುವೆ ಹೊಕ್ಕಿತು. ಎರಡು ಗಂಟೆ ಕಳೆದರೂ ಹೊರಗೆ ಬರಲಿಲ್ಲ. ನನ್ನ ವಿವರಣೆ ತಾನಾಗಿ ನಿಂತಿತು.

ಕೋಟೆಯಲ್ಲಿ, ನಿಮಗೆ ದಾರಿ ಗೊತ್ತಲ್ಲ ಎಂದು ಅವಳು ನನ್ನನ್ನೇ ಮುಂದೆ ಬಿಟ್ಟಳು. ನಾನು ಗತ್ತಿನಿಂದ ನಡೆದು ಒಂದು ಕತ್ತಲೆಯ ಉಗ್ರಾಣ ಹೊಕ್ಕೆ. ಅಲ್ಲಿಂದ ಮುಂದೆ ಬಾಗಿಲೇ ಇಲ್ಲ. ಖರ್ಜೂರದ ಮೂಟೆ ಇಡುವ ಜಾಗ, ಇದನ್ನೇ ಮೊದಲು ನೋಡಬೇಕು ಎಂದೆ. ಮುದಿ ಕಾವಲುಗಾರ ಬಂದು ನಮ್ಮನ್ನು ಮೆಟ್ಟಿಲಿನ ಹತ್ತಿರ ಕರೆದೊಯ್ದ. ಬಾಗಿಲ ಮೇಲಿನ ಒಂದು ತೂತು ತೋರಿಸಿ, ಹಿಂದೆ ಶತ್ರುಗಳ ತಲೆಗೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದದ್ದು ಇಲ್ಲಿಂದ ಎಂದು ಹಿಂದಿಯಲ್ಲಿ ಹೇಳಿದ. ಅದರ ಕೆಳಗೆ ನಾನು ತಲೆ ತಗ್ಗಿಸಿಯೇ ದಾಟಿದೆ.

ಬುರುಜಿನ ಮೇಲೆ ತಂಗಾಳಿ ಇತ್ತು. ಅಷ್ಟು ಮಾತ್ರ ಸರಿಯಾಗಿತ್ತು. ಕೆಳಗೆ ಖರ್ಜೂರದ ತೋಟ, ಮಣ್ಣಿನ ಮನೆಗಳು, ಅದರಾಚೆ ನಾಲ್ಕು ದಿಕ್ಕಿಗೂ ಗುಡ್ಡ. ಅವಳು ಗೋಡೆಯುದ್ದಕ್ಕೂ ಒಂದು ಸುತ್ತು ಬಂದಳು.

"ಸಮುದ್ರ ಯಾವ ಬದಿಗೆ ಉಂಟು?"

ಇವತ್ತು ಸ್ವಲ್ಪ ಮಂಜು ಎಂದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವಳು ಡಬ್ಬಿ ತೆಗೆದು ನನಗೊಂದು ಬನ್ಸ್ ಕೊಟ್ಟಳು. ಅದನ್ನು ತಿನ್ನದೆ ಡಬ್ಬಿಗೇ ವಾಪಸಿಟ್ಟೆ. ಕ್ಯಾಲೆಂಡರು, ಶುಕ್ರವಾರಗಳು, ಎಲ್ಲವನ್ನೂ ಹೇಳಿಬಿಟ್ಟೆ. ಬೈಯಬಹುದು, ಇಲ್ಲವಾದರೆ ನಗಬಹುದು ಎಂದುಕೊಂಡಿದ್ದೆ. ನಕ್ಕರೆ ಜೊತೆಗೆ ನಗಲು ತಯಾರಾಗಿಯೂ ಇದ್ದೆ. ಅವಳು ನಗಲಿಲ್ಲ.

"ನೀವು ಇಲ್ಲಿ ಖುಷಿಯಲ್ಲಿ ತಿರುಗಾಡ್ತಿದ್ದೀರಿ, ನಾನು ಬಂದು ಎಂತ ಮಾಡ್ಲಿಕ್ಕುಂಟು ಅಂತ ಶಾಲೆ ಬಿಡ್ಲಿಲ್ಲ" ಎಂದಳು. "ಒಬ್ಬನಿಗೆ ಬೇಜಾರಾಗ್ತದೆ ಅಂತ ಒಂದು ಸಾಲು ಬರೆದಿದ್ರೆ ಆ ವರ್ಷವೇ ಬರ್ತಿದ್ದೆ."

ಇವಳಿಗೆ ಗಂಡನಿಗಿಂತ ಶಾಲೆಯೇ ಹೆಚ್ಚು ಎಂದು ಆ ವರ್ಷಗಳುದ್ದಕ್ಕೂ ಒಳಗೊಳಗೆ ಮುನಿಸಿಕೊಂಡಿದ್ದವನು ನಾನು.