ಮಿಲ್ಟ್ರಿ ಬಸವ್ವನಿಗೆ ಹೊಡೆದ ತಾರು

ಬಸವಂತಮ್ಮ ತೀರಿಕೊಂಡಳು. 1988ರ ಮಾರ್ಚ್ ಒಂಬತ್ತು, ಬುಧವಾರ, ಸಂಜೆ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ರಾಯಚೂರಿನ ಆಸ್ಪತ್ರೆಯೊಂದರ ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ. ನಲವತ್ತು ವರ್ಷ. ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಗಂಡ ಕ್ಯಾಪ್ಟನ್ ವಿರೂಪಣ್ಣ ಪುಣೆಯಲ್ಲಿ ಹತ್ತಿದ ರೈಲು ಆಗಿನ್ನೂ ಸೊಲ್ಲಾಪುರದ ಆಚೆಗಿತ್ತು. ಹತ್ತಿರ ಇದ್ದವಳು ಗೆಳತಿ ಜಾಹೆದಾ ಒಬ್ಬಳೇ.

ಇಬ್ಬರೂ ದೇವದುರ್ಗದವರು. ಬಳೆ ವ್ಯಾಪಾರದ ಪೀರಾ ಸಾಬನ ಮಗಳು ಜಾಹೆದಾ, ಒಕ್ಕಲುತನದ ಅಮರಪ್ಪನ ಮಗಳು ಬಸವಂತಮ್ಮ. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಇದ್ದದ್ದು ಎರಡೇ ಬೆಂಚು, ಹಿಂದಿನದರಲ್ಲಿ ಇವರಿಬ್ಬರು. ಎಸ್ಸೆಸ್ಸೆಲ್ಸಿ ಆದಮೇಲೆ ಜಾಹೆದಾ ಅಂಚೆ ಇಲಾಖೆ ಸೇರಿ, ತಾರು, ಅಂದರೆ ಟೆಲಿಗ್ರಾಂ, ಕಳಿಸುವ ಕಟ್ಟಕಡ ಸದ್ದಿನ ಭಾಷೆ ಕಲಿತು, ಮಾನ್ವಿಯ ಪೋಸ್ಟಾಫೀಸಿನಲ್ಲಿ ಕೂತಳು. ಬಸವಂತಮ್ಮ ಬಳ್ಳಾರಿಯಲ್ಲಿ ನರ್ಸಿಂಗ್ ಓದಿ, ಬಾಂಗ್ಲಾ ಯುದ್ಧದ ವರ್ಷ ಮಿಲಿಟರಿ ಆಸ್ಪತ್ರೆಯ ನರ್ಸಾದಳು. ಹೆಗಲ ಮೇಲೆ ಎರಡು ನಕ್ಷತ್ರ ಹೊತ್ತು ಮೊದಲ ಸಲ ರಜೆಗೆ ಬಂದಾಗ, ಓಣಿಯ ಮಂದಿ ಅವಳಿಗೆ ಮಿಲ್ಟ್ರಿ ಬಸವ್ವ ಎಂದು ಹೆಸರಿಟ್ಟರು. ಆ ಹೆಸರು ಕೊನೆತನಕ ನಿಂತಿತು.

ವಿರೂಪಣ್ಣ ಗುಂಜಹಳ್ಳಿಯವನು. ಸಿಕಂದ್ರಾಬಾದಿನ ಮಿಲಿಟರಿ ಆಸ್ಪತ್ರೆಯಲ್ಲಿ ಸಾಮಾನು ಸರಂಜಾಮಿನ ಉಸ್ತುವಾರಿ ನೋಡುವ ಲೆಫ್ಟಿನೆಂಟ್. ಬಸವಂತಮ್ಮ ಒಂದು ದಿನ ಹರಿದ ಕಂಬಳಿಗಳನ್ನು ಬದಲು ಕೇಳಲು ಹೋಗಿ, ಇಂಗ್ಲಿಷಿನಲ್ಲಿ ಜಗಳ ಆರಂಭಿಸಿದಳು. ಸಿಟ್ಟು ಏರಿದಾಗ ಬಾಯಿಂದ ಕನ್ನಡ ಬಂತು: "ಈ ಕಂಬಳಿ ಎಮ್ಮಿ ಮ್ಯಾಲಾದ್ರೂ ಹಾಕ್ತಾರೇನ್ರೀ?" ಅವನು ತಲೆ ಎತ್ತಿ, "ನಮ್ಮೂರಾಗ ಎಮ್ಮಿಗೆ ಇದಕ್ಕಿಂತ ಛಲೋದು ಹಾಕ್ತಾರ್ರೀ. ನಿಮ್ಮದು ಯಾವೂರು?" ಅಂದ. ಇದನ್ನು ಬಸವಂತಮ್ಮ ಕಾಗದದಲ್ಲಿ ಬರೆದಾಗ ಜಾಹೆದಾ ಕೌಂಟರಿನಲ್ಲಿ ಕೂತು ಒಬ್ಬಳೇ ನಕ್ಕಿದ್ದಳು.

ಮದುವೆಗೆ ಇಲಾಖೆಯ ಒಪ್ಪಿಗೆ ಬೇಕಿತ್ತು. ಅದು ಬಂದದ್ದು ಏಳು ತಿಂಗಳ ಮೇಲೆ. 1974ರಲ್ಲಿ ಮದುವೆ, ಮರುವರ್ಷ ಇಬ್ಬರಿಗೂ ಒಟ್ಟಿಗೆ ಜಬಲ್ಪುರಕ್ಕೆ ವರ್ಗ. ಊರಿಗೆ ಬಂದು, ಇಲ್ಲಿಂದಲೇ ಹೊರಟರು. ರಾಯಚೂರು ಸ್ಟೇಷನ್ನಿಗೆ ಕಳಿಸಲು ಜಾಹೆದಾ ಹೋಗಿದ್ದಳು. ಪ್ಲಾಟ್‌ಫಾರಂ ಮೇಲೆ ಕರಿ ಬಣ್ಣದ ಟ್ರಂಕುಗಳು: ಎರಡರ ಮೇಲೆ ಅವನ ಹೆಸರು, ನಂಬರು, ಎರಡರ ಮೇಲೆ ಅವಳದು. ಐದನೆಯದರಲ್ಲಿ ಜೋಳದ ಹಿಟ್ಟು, ಗುರೆಳ್ಳು ಪುಡಿ, ಒಣಮೆಣಸಿನಕಾಯಿ. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

"ಇದು ಸರಕಾರದ್ದಲ್ಲ, ನಮ್ಮವ್ವಂದು," ಅಂದಳು ಬಸವಂತಮ್ಮ.

"ಹಂಗಾದ್ರ ನಿಮ್ಮವ್ವನ್ನೂ ಜಬಲ್ಪುರಕ್ಕ ಪೋಸ್ಟಿಂಗ್ ಹಾಕಿಸೋಣೇನು?" ಅಂದ ವಿರೂಪಣ್ಣ.

"ಹಾಕ್ಸಿ. ನಿಮ್ಮ ಸ್ಟೋರಿನ ಕಂಬಳಿ ಎಲ್ಲಾ ಹೊಲದು ಕೌದಿ ಮಾಡ್ತಾಳ."

ಗಂಡಹೆಂಡಿರು ಮಂದಿಯ ಮುಂದೆ ಹೀಗೆ ಮಾತಾಡುವುದನ್ನು ಜಾಹೆದಾ ನೋಡಿರಲಿಲ್ಲ. ಅವಳಿಗೆ ಮದುವೆ ಆಗಿರಲಿಲ್ಲ. ತಂದೆ ಲಕ್ವ ಹೊಡೆದು ಮಲಗಿದ್ದ, ಮನೆ ಇವಳ ನೌಕರಿಯ ಮೇಲೆ ನಿಂತಿತ್ತು. ಆ ಜೋಡಿಯ ಕಾಗದ ಬಂದ ದಿನ ಅವಳು ಎರಡು ಸಲ ಓದುತ್ತಿದ್ದಳು.

ಜಬಲ್ಪುರದಲ್ಲಿ ಎರಡು ವರ್ಷ. ಆಮೇಲೆ ಅವನನ್ನು ಅಸ್ಸಾಮಿನ ಜೋರಹಾಟಿಗೆ, ಅವಳನ್ನು ಝಾನ್ಸಿಗೆ ಹಾಕಿದರು. ಎರಡು ವರ್ಷದಲ್ಲಿ ಮೂರು ಸಲ ಭೇಟಿ. ಒಂದೇ ಊರಿಗೆ ಹಾಕಿರೆಂದು ಇಬ್ಬರೂ ಬರೆದು ಬರೆದು, 1979ರ ಏಪ್ರಿಲಿನಲ್ಲಿ ಬಸವಂತಮ್ಮನಿಗೆ ಜೋರಹಾಟಿನ ಆರ್ಡರು ಬಂತು. ಅದೇ ಜಾಗಕ್ಕೆ ಇನ್ನೊಬ್ಬ ನರ್ಸು ಕಾದಿದ್ದಾಳೆ, ಮೇ ಹದಿನಾಲ್ಕಕ್ಕೆ ರೈಲು ಹತ್ತಬೇಕು, ನಮ್ಮನೆಯವರು ಅಲ್ಲಿ ಕ್ವಾರ್ಟರ್ಸಿನ ಮುಂದೆ ಆಗಲೇ ಬದನೆ ಗಿಡ ಹಚ್ಚಿದ್ದಾರಂತೆ ಎಂದು ಜಾಹೆದಾಳಿಗೆ ಬರೆದಿದ್ದಳು. ಕೆಳಗೆ ಒಂದು ಸಾಲು ತಮಾಷೆಗೆ: "ಅಸ್ಸಾಮಿನಾಗ ಜಿಗಣಿ ಭಾಳ ಅಂತ. ಅವಕ್ಕ ಅಂಜಿ ನಾ ಹಿಂದಕ್ಕ ಸರದರ ನೋಡು."

ಅದೇ ಮೇ ತಿಂಗಳಲ್ಲಿ ದೇವದುರ್ಗದಲ್ಲಿ ಬಸವಂತಮ್ಮನ ತಮ್ಮನ ಮದುವೆ. ರಜೆ ಸಿಗುವುದಿಲ್ಲ, ಮದುವೆ ಮುಗಿಸಿಬಿಡಿ ಎಂದು ಅವಳು ಮನೆಗೆ ತಿಳಿಸಿದ್ದಳು. ಹನ್ನೊಂದನೇ ತಾರೀಖು, ಶುಕ್ರವಾರ, ಅಮರಪ್ಪ ಮತ್ತು ಅವನ ಹೆಂಡತಿ ಮಹಾಂತಮ್ಮ ಬೆಳಗಿನ ಬಸ್ಸಿಗೆ ಮಾನ್ವಿಗೆ ಬಂದು ಜಾಹೆದಾಳ ಕೌಂಟರಿನ ಮುಂದೆ ನಿಂತರು.

"ಒಂದು ತಾರ್ ಹೊಡಿಯವ್ವಾ," ಅಂದಳು ಮಹಾಂತಮ್ಮ. "ಸೀರಿಯಸ್ ಅಂತ."

"ಯಾರಿಗ್ ಏನಾತು ಯವ್ವಾ?"

"ಯಾರಿಗೇನಾಗ್ಬೇಕು? ಮಗಳು ಬರಬೇಕು, ಅಷ್ಟ. ಅಕ್ಕಿಕಾಳು ಹಾಕಾಕ ಅಕ್ಕ ಇಲ್ಲಂದ್ರ ಬೀಗರು ನಗ್ತಾರ."

ಆ ಕಾಲದಲ್ಲಿ ಮಿಲಿಟರಿಯವರ ಮನೆಗಳಲ್ಲಿ ಇದು ನಡೆದೇ ಇತ್ತು. ಹಬ್ಬ, ಮದುವೆ, ಬಾಣಂತನ ಏನೇ ಇರಲಿ, ತಾಯಿಗೋ ತಂದೆಗೋ ಸೀರಿಯಸ್ ಎಂದು ತಾರು ಹೋಗುತ್ತಿತ್ತು, ಮಗ ಬರುತ್ತಿದ್ದ, ತಾಯಿ ಬಾಗಿಲಲ್ಲಿ ನೀರು ಹಿಡಿದು ನಿಂತಿರುತ್ತಿದ್ದಳು. ತಿಂಗಳಿಗೆ ಇಂಥ ಎರಡು ಮೂರು ತಾರು ಜಾಹೆದಾ ಕಳಿಸುತ್ತಿದ್ದಳು. ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

"ದೇವದುರ್ಗದಾಗೇ ಹೊಡಿಸಬಹುದಿತ್ತಲ್ಲ ಯಪ್ಪಾ?"

"ಅಲ್ಲಿ ಹೊಡಿಸಿದ್ರ ಸಂಜಿಕ ಊರ ಮಂದಿ ನಮ್ಮನ್ನ ಮಾತಾಡ್ಸಾಕ ಬರ್ತಾರ," ಅಂದ ಅಮರಪ್ಪ. "ಮದುವಿ ಮನ್ಯಾಗ ಯಾರು ಹಾಸಿಗಿ ಹಿಡಿದು ಮಲಗೂದು?"

"ಯಾರ ಹೆಸರು ಹಾಕಲಿ?"

"ನನ್ನದು ಬ್ಯಾಡ," ಅಂದಳು ಮಹಾಂತಮ್ಮ, "ಮದುವ್ಯಾಗ ಆರತಿ ಹಿಡಿಯೋ ಮುತ್ತೈದಿ ನಾನು."

"ನನ್ನದೇ ಹಾಕು. ಈಕಿ ಸಾರು ಉಂಡು ಇಷ್ಟು ವರ್ಷ ಬದುಕೀನಿ, ಒಂದು ತಾರಿಗೆ ಸಾಯ್ತೀನೇನು?"

ಮೂವರೂ ನಕ್ಕರು. ನಗುತ್ತಲೇ ಜಾಹೆದಾ ಫಾರಂ ತೆಗೆದು, ಝಾನ್ಸಿಯ ಆಸ್ಪತ್ರೆಯ ಸಾಹೇಬರಿಗೆಂದು ಇಂಗ್ಲಿಷಿನಲ್ಲಿ ಬರೆದಳು: ತಂದೆ ಗಂಭೀರ, ಕೂಡಲೇ ಕಳಿಸಿ. ಬರೆದು ಪೆನ್ನು ಎತ್ತಿದಳು. ಗೆಳತಿಯ ಕಾಗದ ನೆನಪಾಯಿತು. ಹದಿನಾಲ್ಕಕ್ಕೆ ರೈಲು ಹತ್ತದಿದ್ದರೆ ಜೋರಹಾಟಿನ ಜಾಗ ಹೋದೀತು ಅನ್ನಿಸಿತು. ಅದಕ್ಕೆಂದೇ, ಯಾರೂ ಹೇಳದಿದ್ದರೂ, ಕೊನೆಗೆ ತಾನೇ ಎರಡು ಮಾತು ಸೇರಿಸಿದಳು: ವರ್ಗಾವಣೆ ಮುಂದೂಡಿ. ಗೆಳತಿಯ ಜಾಗ ಕಾದಿಟ್ಟೆ ಎಂದುಕೊಂಡಳು. ಅಮರಪ್ಪ ಹೆಬ್ಬೆಟ್ಟು ಒತ್ತಿದ. ಜಾಹೆದಾ ಕೀಲಿಯ ಮೇಲೆ ಬೆರಳಿಟ್ಟು ತಾರು ಹೊಡೆದಳು.

ಬಸವಂತಮ್ಮ ಎರಡು ದಿನ ರೈಲಿನಲ್ಲಿ ಕೂತು, ದಾರಿಯುದ್ದಕ್ಕೂ ಅನ್ನ ಮುಟ್ಟದೆ ಬಂದಳು. ದೇವದುರ್ಗದಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಚಪ್ಪರದ ಕಂಬಕ್ಕೆ ಮಾವಿನ ತೊಂಗಲು ಕಟ್ಟುತ್ತಿದ್ದ. ಅವಳು ಚೀಲ ನೆಲಕ್ಕಿಟ್ಟು, ಹತ್ತಿರ ಹೋಗಿ ಮೊದಲು ಅವನ ನಾಡಿ ಹಿಡಿದು ನೋಡಿದಳು. ಆಮೇಲೆ ಒಳಗೆ ಹೋಗಿ ಅತ್ತಳು. ಮದುವೆಯಲ್ಲಿ ಎಲ್ಲರ ಜೊತೆ ಓಡಾಡಿದಳು, ಅಕ್ಕಿಕಾಳು ಹಾಕಿದಳು. ಮೈಯಲ್ಲಿ ಜೀವ ಇರಲಿಲ್ಲ.

ಸಂಗತಿ ಹೀಗಾಗಿತ್ತು. ತಾರಿನಲ್ಲಿ ತಂದೆ ಗಂಭೀರ, ಕೂಡಲೇ ಕಳಿಸಿ ಎಂದಷ್ಟೇ ಇದ್ದಿದ್ದರೆ ನಾಲ್ಕು ದಿನ ಊರಿಗೆ ಬಂದು, ಇಲ್ಲಿಂದಲೇ ನೇರ ಜೋರಹಾಟಿಗೆ ಹೋಗುವುದಕ್ಕೆ ಝಾನ್ಸಿಯ ಸಾಹೇಬರು ಬಿಡುತ್ತಿದ್ದರು. ಆದರೆ ಮುಂದೂಡಿ ಎಂದು ತಾರಿನಲ್ಲೇ ಬರೆದು ಬಂದಿತ್ತು. ಅವರು ಅದನ್ನು ಮೇಲಕ್ಕೆ ಕಳಿಸಿದರು. ಮೇಲಿನವರು, ಈಕೆಗೆ ಹೋಗಲು ಆಗುವುದಿಲ್ಲವೆಂದು ತಿಳಿದು, ಕಾದಿದ್ದ ಇನ್ನೊಬ್ಬಳನ್ನು ಕಳಿಸಿಬಿಟ್ಟರು. ಬಸವಂತಮ್ಮನಿಗೆ ಅಹಮದ್‌ನಗರ ಬಂತು.

ವಾಪಸು ಹೋಗುವ ಮೊದಲು ಅವಳು ಮಾನ್ವಿಗೆ ಬಂದಳು. ಪೋಸ್ಟಾಫೀಸಿನ ಹಿಂದೆ ಬೇವಿನ ಗಿಡದ ಕೆಳಗೆ ನಿಂತು ಕೇಳಿದಳು: "ಜಾಹೆದಾ, ಸೀರಿಯಸ್ ಅಂತ ಹಾಕಿಸಿದ್ದು ಅವ್ವ. ಅದು ಗೊತ್ತಾತು. ವರ್ಗಾವಣಿ ಮುಂದೂಡ್ರಿ ಅಂತ ಯಾರು ಹಾಕಿದ್ರು? ನಮ್ಮವ್ವಗ ಆ ಮಾತೇ ಬರೂದಿಲ್ಲಲ್ಲ."

ಜಾಹೆದಾ ಆಫೀಸಿನ ಬಾಗಿಲ ಕಡೆ ನೋಡಿದಳು. ಸುಳ್ಳೆಂದು ಗೊತ್ತಿದ್ದೂ ತಾರು ಬರೆದು ಹೊಡೆದದ್ದು ಮೇಲಕ್ಕೆ ಹೋದರೆ ನೌಕರಿ ಹೋಗುತ್ತಿತ್ತು. ಮನೆಯಲ್ಲಿ ತಂದೆಗೆ ಗಂಜಿ ಕುಡಿಸುವ ಹೊತ್ತಾಗಿತ್ತು. ಇವೆಲ್ಲ ಕಾರಣಗಳು ಆಮೇಲೆ ಅವಳೇ ಹುಡುಕಿಕೊಂಡವು. ಆ ಗಳಿಗೆಯಲ್ಲಿ ಇದ್ದದ್ದು ಅಂಜಿಕೆ ಒಂದೇ.

"ನಿಮ್ಮಪ್ಪ ಯಾರ ಕೈಲೋ ಚೀಟಿ ಬರಿಸ್ಕೊಂಡು ಬಂದಿದ್ದ," ಅಂದಳು. "ಅದರಾಗ ಇದ್ದಂಗ ಹೊಡದೆ. ನನಗೇನು ಗೊತ್ತು?"

ಬಸವಂತಮ್ಮ ಚೀಲ ಹೆಗಲಿಗೇರಿಸಿ, "ಹೋಗ್ಲಿ ಬಿಡು. ನಿನ್ನ ಯಾಕ ಕೇಳಿದೆನೋ. ಅಪ್ಪನ್ನೂ ಕೇಳೂದಿಲ್ಲ," ಅಂದಳು.

ವಿರೂಪಣ್ಣ ಬಿಡಲಿಲ್ಲ. ದೇವದುರ್ಗದವರ ತಾರು ಮಾನ್ವಿಯಿಂದ ಯಾಕೆ ಬಂತು? ಹೆಬ್ಬೆಟ್ಟಿನ ಮುದುಕರಿಗೆ ಮಿಲಿಟರಿ ವರ್ಗಾವಣೆಯ ಮಾತು ಹೇಗೆ ಗೊತ್ತಾಯಿತು? ನೀನೇ ಗೆಳತಿಗೆ ಬರೆದು ಹೊಡೆಸಿದ್ದೀಯ, ನಿನಗೆ ಅಸ್ಸಾಂ ಬೇಡವಾಗಿತ್ತು, ನಾನೂ ಬೇಡವಾಗಿದ್ದೆ ಎಂದು ಬರೆದ. ಜಿಗಣೆಯ ತಮಾಷೆಯನ್ನು ಅವಳು ಅವನಿಗೂ ಬರೆದಿದ್ದಳು. ಅದನ್ನೇ ಎತ್ತಿ ಆಡಿದ. ಬಸವಂತಮ್ಮ ಆ ಕಾಗದವನ್ನು ಜಾಹೆದಾಳಿಗೆ ಕಳಿಸಿ, ಜೊತೆಗೆ ಬರೆದಿದ್ದಳು: "ಜಾಹೆದಾ ಸುಳ್ಳು ಹೇಳುವವಳಲ್ಲ, ಬೇಕಾದರೆ ಅವಳನ್ನೇ ಕೇಳಿ ಎಂದು ಉತ್ತರ ಕೊಟ್ಟಿದ್ದೇನೆ."

ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೆಂದು ಜಾಹೆದಾ ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು. ಆದರೆ ಕಾರ್ಡು ಅವಳ ಕೈಯಲ್ಲೇ ಇತ್ತು, ಅಂಚೆ ಅವಳ ಆಫೀಸಿನದೇ. ಬರೆಯಲು ಯಾರೂ ಅಡ್ಡ ಬಂದಿರಲಿಲ್ಲ. 1982ರಲ್ಲಿ ಪೀರಾ ಸಾಬ್ ತೀರಿಕೊಂಡ. ಆಗಲೂ ಬರೆಯಲಿಲ್ಲ.

ತಾರು ಹೊಡೆದ ನಾಲ್ಕು ವರ್ಷದ ಮೇಲೆ ಇಬ್ಬರಿಗೂ ಪುಣೆಗೆ ಆರ್ಡರಾಯಿತು. ಆ ಸಲ ಜಾಹೆದಾ ರಜೆ ಹಾಕಿ ಹೋಗಿ ಎಂಟು ದಿನ ಇದ್ದು ಬಂದಳು. ಗಂಡನೂ ಕ್ಯಾಪ್ಟನ್, ಹೆಂಡತಿಯೂ ಕ್ಯಾಪ್ಟನ್, ದೊಡ್ಡ ಕ್ವಾರ್ಟರ್ಸು. ಜಗಳವಿಲ್ಲ. ಊಟಕ್ಕೆ ಬಡಿಸಿದರೆ ಅವನು "ಸಾಕ್ರೀ" ಅನ್ನುತ್ತಿದ್ದ. ಹೆಂಡತಿಗೆ ರೀ ಹಚ್ಚಿ ಮಾತಾಡುವುದು ಮೊದಲು ಚೇಷ್ಟೆಗಿತ್ತು, ಈಗ ದೂರಕ್ಕೆ. ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಅವನು ಕ್ಲಬ್ಬಿಗೆ ಹೋಗಿರುತ್ತಿದ್ದ. ಮಕ್ಕಳಾಗಲಿಲ್ಲ. ಮಹಾಂತಮ್ಮ ಅದಕ್ಕೆ ಹರಕೆ ಹೊತ್ತಳು, ಕಾರಣ ಜಾಹೆದಾಳಿಗೆ ಗೊತ್ತಿತ್ತು.

ಎಂಬತ್ತೇಳರಲ್ಲಿ ಬಸವಂತಮ್ಮನ ಕಾಲು ಬಾತವು. ಮಿಲಿಟರಿ ಡಾಕ್ಟರು ಪರೀಕ್ಷಿಸಿ ಸೇವೆಯಿಂದ ಬಿಡಿಸಿದರು. ಅವಳು ಪುಣೆಯಲ್ಲಿ ಉಳಿಯಲಿಲ್ಲ. ಅಷ್ಟರಲ್ಲಿ ರಾಯಚೂರಿಗೆ ವರ್ಗವಾಗಿ ಬಂದಿದ್ದ ಜಾಹೆದಾಳ ಮನೆಗೆ ಬಂದು, "ನಿನಗೊಂದು ಪೇಶಂಟ್ ಬಂದದ ನೋಡಬೇ," ಅಂದಳು. ಐದು ತಿಂಗಳು ಅಲ್ಲೇ ಇದ್ದಳು. ಉಪ್ಪಿಲ್ಲದ ಸಾರು ಮಾಡಿದರೆ, "ನಿನ್ನ ಕೈಲಿ ಸಾಯೂದೂ ಸಪ್ಪಗೇ ಆಗ್ತದ," ಎಂದು ಬೈಯುತ್ತಿದ್ದಳು. ಜಾಹೆದಾ ಅವಳ ಕಾಲೊತ್ತುತ್ತಿದ್ದಳು. ದಿನಾ ಬೆಳಿಗ್ಗೆ ಇವತ್ತು ಹೇಳಬೇಕು ಅಂದುಕೊಂಡು, ಸಂಜೆಗೆ ಕೈಬಿಡುತ್ತಿದ್ದಳು.

ಮಾರ್ಚ್ ಒಂಬತ್ತರ ಮಧ್ಯಾಹ್ನ ಡಾಕ್ಟರು ಹೊರಗೆ ಕರೆದು, ಗಂಡ ನಾಳೆ ಬೆಳಿಗ್ಗೆ ಬರುವವರೆಗೆ ತಡೆದರೆ ದೊಡ್ಡದು ಅಂದರು. ಜಾಹೆದಾ ಒಳಗೆ ಬಂದು ಮಂಚದ ಪಕ್ಕ ಕೂತಳು. ಬಸವಂತಮ್ಮನಿಗೆ ಎಚ್ಚರವಿತ್ತು.

"ಆ ಎರಡು ಮಾತು ನಾ ಹಾಕಿದ್ದು, ಬಸವ್ವ. ಚೀಟಿ ಇದ್ದಿಲ್ಲ. ನಿಮ್ಮಪ್ಪಗ ಗೊತ್ತಿಲ್ಲ. ನಿನ್ನ ಜಾಗ ಉಳೀಲಿ ಅಂತ ಹಾಕಿದೆ. ನೀ ಕೇಳಿದಾಗ ಅಂಜಿ ಸುಳ್ಳು ಹೇಳಿದೆ."

ಯಾವ ಮಾತು, ಯಾವ ತಾರು ಎಂದು ಬಸವಂತಮ್ಮ ಕೇಳಲಿಲ್ಲ.

"ಒಂಬತ್ತು ವರ್ಷ," ಅಂದಳು. "ಅವರ ಮುಂದ ನಾ ಖುರಾನು ಮುಟ್ಟಿದಂಗ ನಿನ್ನ ಹೆಸರು ಹೇಳಿದೆ."

"ನನಗ ಕ್ಷಮಾ ಮಾಡಬೇ."

"ಅದನ್ನ ಈಗ ಕೇಳಬ್ಯಾಡ. ಹಾಳಿ ತಗೋ. ಬರಿ."

"ಏನು?"

"ಈಗ ಹೇಳಿದ್ದೆಲ್ಲಾ. ನಾ ಇರ್ಲಿಕ್ಕಿಲ್ಲ. ನೀ ಬಾಯಿಲೆ ಹೇಳೂದು ನನಗ ನಂಬಿಕಿ ಇಲ್ಲ. ಬರದು ಸಹಿ ಮಾಡು."

ಜಾಹೆದಾ ನರ್ಸಮ್ಮನ ಹತ್ತಿರ ಹಾಳೆ ಕೇಳಿ ತಂದು, ಮಂಡಿಯ ಮೇಲಿಟ್ಟು ಬರೆದಳು. ತಾರಿನ ಇಂಗ್ಲಿಷ್ ಮಾತುಗಳನ್ನು ಇದ್ದ ಹಾಗೇ ಬರೆದಳು, ಅಮರಪ್ಪ ಮಹಾಂತಮ್ಮ ಕೌಂಟರಿನಲ್ಲಿ ಆಡಿದ್ದನ್ನು ಬರೆದಳು, ಬಸವಂತಮ್ಮನಿಗೆ ಇದಾವುದೂ ತಿಳಿದಿರಲಿಲ್ಲ ಎಂದು ಬರೆದಳು. ಕೆಳಗೆ ಪೂರ್ತಿ ಹೆಸರು, ಹುದ್ದೆ. ಮರುದಿನ ವಿರೂಪಣ್ಣ ಅದನ್ನು ವಾರ್ಡಿನ ಬಾಗಿಲಲ್ಲಿ ನಿಂತು ಓದಿದ. ಓದಿ ಜಾಹೆದಾಳ ಕಡೆ ನೋಡಲಿಲ್ಲ, ಇವತ್ತಿಗೂ ನೋಡಿಲ್ಲ.

ಬರೆದು ಕೊಟ್ಟಾಗ ಬಸವಂತಮ್ಮ ದಿಂಬಿಗೆ ಒರಗಿಸಲು ಹೇಳಿದಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲು ಸಾಲಾಗಿ ಓದಿದಳು. ಒಂದು ಕಡೆ ಓದು ನಿಂತಿತು.

"ತಾರ್ ಹೊಡದ ತಾರೀಖು ಹನ್ನೆರಡು ಅಂತ ಬರದೀಯಲ್ಲ. ಹನ್ನೆರಡಕ್ಕ ಅದು ನನ್ನ ಕೈಗೆ ಬಂತು. ನೀ ಹೊಡದಿದ್ದು ಹನ್ನೊಂದಕ್ಕ. ಪೆನ್ನು ಕೊಡು."

ಜಾಹೆದಾ ಆಸರೆಗೆ ಅವಳ ಕೈ ಹಿಡಿಯಲು ಹೋದರೆ ಮೊಣಕೈಯಿಂದ ತಳ್ಳಿದಳು. ಹನ್ನೆರಡರ ಮೇಲೆ ಒಂದೇ ಅಡ್ಡಗೆರೆ ಎಳೆದು, ಮೇಲೆ ಹನ್ನೊಂದು ಎಂದು ಬರೆದಳು. ಮಿಲಿಟರಿ ಆಸ್ಪತ್ರೆಯ ಕಾಗದದಲ್ಲಿ ತಿದ್ದಿದವರು ಮಾಡಲೇಬೇಕಾದಂತೆ, ತಿದ್ದಿದ ಅಂಕಿಯ ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕಿದಳು.