ಪ್ರಾಂಶುಪಾಲರ ಬೊಟ್ಟಿನ ಗಾತ್ರ

ತಪಾಸಣೆ ಸಮಿತಿ ಬರುತ್ತದೆ ಎಂದಾಗ ಎಲ್ಲ ಕಾಲೇಜುಗಳಲ್ಲೂ ಆಗುವುದೇ ಶಿವಮೊಗ್ಗದ ನಮ್ಮ ಕಾಲೇಜಿನಲ್ಲೂ ಆಯಿತು. ಗೋಡೆಗೆ ಬಣ್ಣ, ಹೂಕುಂಡಗಳಿಗೆ ಕೆಮ್ಮಣ್ಣು, ಶೌಚಾಲಯಕ್ಕೆ ಬೀಗ. ಗ್ರಂಥಪಾಲಕಿಯಾದ ನನ್ನನ್ನು ಪ್ರಾಂಶುಪಾಲರು ಕರೆದು, "ಮೇಡಂ, ನಮ್ಮ ಸಂಶೋಧನೆಯೆಲ್ಲ ಒಂದೇ ನೋಟಕ್ಕೆ ಕಾಣೋ ಹಾಗೆ ಏನಾದ್ರೂ ಮಾಡಿ. ಕಲರ್‌ನಲ್ಲಿರ್ಲಿ" ಎಂದರು. ಆಗಲಿ ಎಂದೆ. ಅವರಿಗೆ ಬೇಕಾಗಿದ್ದದ್ದು ಕಲರ್ ಮಾತ್ರ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕಾಚಾರವಿತ್ತು.

ನಾನು ಭದ್ರಾವತಿಯ ನ್ಯೂಟೌನ್‌ನವಳು. ದಿನಾ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ, ನಮ್ಮೂರಿನದೇ ಕಾಗದನಗರದ ಹುಡುಗಿ. ಅತಿಥಿ ಉಪನ್ಯಾಸಕಿ ಎಂದರೆ ವರ್ಷವರ್ಷವೂ ಆದೇಶ ಕೊಟ್ಟರೆ ಕೆಲಸ ಉಂಟು, ಕೊಡದಿದ್ದರೆ ಇಲ್ಲ. ಅಡಿಕೆ ಸಿಪ್ಪೆಯನ್ನು ಸುಟ್ಟು ಪುಡಿ ಮಾಡಿ, ಕಾರ್ಖಾನೆಗಳ ಕೊಳೆ ನೀರಿನ ಬಣ್ಣ ತೆಗೆಯುವುದು ಅವಳ ಸಂಶೋಧನೆ. ಆ ಕಪ್ಪು ಪುಡಿಯ ಡಬ್ಬಿ ಯಾವಾಗಲೂ ಅವಳ ಬ್ಯಾಗಿನಲ್ಲಿರುತ್ತಿತ್ತು. ಒಮ್ಮೆ ಅದರ ಮುಚ್ಚಳ ಕಳಚಿ ನನ್ನ ಮೊಸರನ್ನವೂ ಸಂಶೋಧನೆಗೆ ಒಳಗಾಗಿತ್ತು.

ಆ ವರ್ಷ ಪ್ರಾಂಶುಪಾಲರು ಅವಳಿಗೆ, "ಮುಂದಿನ ವರ್ಷದ್ದು ನೋಡೋಣಮ್ಮ" ಎಂದಿದ್ದರು. ನಮ್ಮಲ್ಲಿ ಹಾಗೆಂದರೆ ಆ ಜಾಗಕ್ಕೆ ಬೇರೆ ಯಾರನ್ನೋ ಆಗಲೇ ಗೊತ್ತುಮಾಡಿದ್ದಾರೆ ಎಂದೇ ತಿಳಿಯಬೇಕು. "ಬಿಡಿ ಮೇಡಂ, ಟ್ಯೂಷನ್ ಮಾಡ್ಕೊಂಡಿರ್ತೀನಿ" ಎಂದಳು ಬಸ್ಸಿನಲ್ಲಿ. ನನ್ನ ಮುಖ ನೋಡದೆ ಕಿಟಕಿ ಕಡೆ ತಿರುಗಿ ಹೇಳಿದಳು. ಸಮಿತಿಯವರ ಕಣ್ಣಿಗೆ ಇವಳು ಬಿದ್ದರೆ ಕೈಬಿಡುವುದು ಅಷ್ಟು ಸುಲಭವಲ್ಲ ಎಂದು ಆ ಬಸ್ಸಿನಲ್ಲೇ ಯೋಚಿಸಿದೆ.

ಸಂಶೋಧನೆಯನ್ನು ಅಳೆಯಲು ನಮ್ಮ ಗ್ರಂಥಾಲಯ ವಿಜ್ಞಾನದಲ್ಲಿ ಒಂದು ನಕ್ಷೆ ಬಿಡಿಸುತ್ತಾರೆ. ಒಬ್ಬೊಬ್ಬ ಉಪನ್ಯಾಸಕರಿಗೂ ಹೆಸರು ಬರೆದ ಒಂದೊಂದು ಬೊಟ್ಟು. ಅವರ ಪ್ರಬಂಧಗಳನ್ನು ಬೇರೆ ಸಂಶೋಧಕರು ಉಲ್ಲೇಖಿಸಿದಷ್ಟೂ ಬೊಟ್ಟು ದೊಡ್ಡದಾಗುತ್ತದೆ. ಇಬ್ಬರು ಕೂಡಿ ಬರೆದಿದ್ದರೆ ಆ ಎರಡು ಬೊಟ್ಟುಗಳ ನಡುವೆ ಒಂದು ಗೆರೆ. ಮಾಹಿತಿ ತುಂಬಿಸಿದರೆ ಕಂಪ್ಯೂಟರೇ ಚಿತ್ರ ಮಾಡಿಕೊಡುತ್ತದೆ, ಅದಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ.

ಬಂದ ಚಿತ್ರ ನೋಡಿ ಲೈಬ್ರರಿಯಲ್ಲಿ ಒಬ್ಬಳೇ ನಕ್ಕೆ. ನಟ್ಟನಡುವೆ ಹೋಳಿಗೆಯಷ್ಟು ದೊಡ್ಡ ಬೊಟ್ಟು ನಮ್ಮ ಹುಡುಗಿಯದು. ಸಸ್ಯಶಾಸ್ತ್ರ, ಭೌತಶಾಸ್ತ್ರ, ಪ್ರಾಣಿಶಾಸ್ತ್ರ, ಎಲ್ಲರ ಗೆರೆಗಳೂ ಅವಳಲ್ಲಿಗೇ ಬಂದು ಸೇರಿದ್ದವು, ಯಾಕೆಂದರೆ ಎಲ್ಲರ ಪ್ರಬಂಧಕ್ಕೂ ಲ್ಯಾಬಿನ ಕೆಲಸ ಮಾಡಿಕೊಟ್ಟವಳು ಅವಳೇ. ಪ್ರಾಂಶುಪಾಲರು ಮೇಲಿನ ಅಂಚಿನಲ್ಲಿ ಸಾಸಿವೆ ಕಾಳಾಗಿದ್ದರು. ಅವರಿಗಿದ್ದದ್ದು ಒಂದೇ ಗೆರೆ, ಅದೂ ಅವಳ ಬೊಟ್ಟಿಗೆ. "ನನ್ನ ಹೆಸರೂ ಒಂದಿರ್ಲಮ್ಮ" ಎಂದು ಅವಳ ಒಂದು ಪ್ರಬಂಧದಲ್ಲಿ ಸೇರಿಕೊಂಡಿದ್ದರು.

ನಕ್ಷೆಯ ಸುದ್ದಿ ಹಬ್ಬಿದ್ದೇ ತಡ, ವರ್ಷಕ್ಕೊಮ್ಮೆಯೂ ಲೈಬ್ರರಿಗೆ ಕಾಲಿಡದವರೆಲ್ಲ ಬಂದರು. ತ್ಯಾವರೆಕೊಪ್ಪ ಸಫಾರಿಯ ಹುಲಿಗಳ ಬಗ್ಗೆ ಬರೆಯುತ್ತಲೇ ತಲೆ ನರೆತಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರು ಕಂಪ್ಯೂಟರ್ ಮುಂದೆ ಕುರ್ಚಿ ಎಳೆದು ಕೂತರು.

"ಹುಲಿ ಬಗ್ಗೆ ಬರೆದವನಿಗೆ ಸೊಳ್ಳೆಯಷ್ಟು ಬೊಟ್ಟು ಕೊಟ್ಟಿದ್ದೀಯಲ್ಲ ಮಾರಾಯ್ತಿ."

"ನಾನು ಕೊಟ್ಟಿದ್ದಲ್ಲ ಸಾರ್, ಲೋಕ ಕೊಟ್ಟಿದ್ದು."

"ಸ್ವಲ್ಪ ಎಳೆದು ದೊಡ್ಡದು ಮಾಡೋಕೆ ಬರಲ್ವಾ?"

"ಬರುತ್ತೆ. ಮಾಡಲ್ಲ."

ಇನ್ನೊಬ್ಬರಿಗೆ ಗಾತ್ರದ ಚಿಂತೆಯಿರಲಿಲ್ಲ. ಹಸಿರು ಅವರ ರಾಶಿಗೆ ಆಗಿಬರುವುದಿಲ್ಲವಂತೆ. ಅವರಿಗೆ ಹಳದಿ ಹಾಕಿಕೊಟ್ಟೆ. ಬಣ್ಣದ ವಿಷಯಕ್ಕೆ ನಾನು ಹಟ ಹಿಡಿಯುವವಳಲ್ಲ.

ನಕ್ಷೆಯ ಪ್ರಿಂಟನ್ನು ಪ್ರಾಂಶುಪಾಲರ ಕೋಣೆಗೆ ಒಯ್ದೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ನಾನೆಲ್ಲಿ?" ಎಂದರು. ತೋರಿಸಿದೆ. ಅದನ್ನು ಉಗುರಿನಿಂದ ಕೆರೆದು, ಕೊಳೆಯಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಕಾಲೇಜಿನ ಮುಖ್ಯಸ್ಥರು ಯಾರು ಅಂತ ಸಮಿತಿಯವರು ಹುಡುಕೋ ಹಾಗಾಗ್ಬಾರ್ದು ನೋಡಿ."

"ಇದು ಮುಖ್ಯಸ್ಥರು ಯಾರು ಅನ್ನೋ ನಕ್ಷೆ ಅಲ್ಲ ಸರ್" ಎಂದೆ. ಸಿಟ್ಟು ಬಂದರೆ ನನ್ನ ಕಿವಿ ಕೆಂಪಾಗುತ್ತದೆ, ಅದು ಅವರಿಗೆ ಗೊತ್ತು. ಬೇರೆ ಏನಾದರೂ ಮಾಡಿಸಲು ಅವರಿಗೆ ಸಮಯವೂ ಇರಲಿಲ್ಲ.

"ಆಯ್ತು, ಫ್ಲೆಕ್ಸ್ ಮಾಡಿಸಿ" ಎಂದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು. "ಹಾಂ, ಆ ಹುಡುಗೀನ ಅವತ್ತು ಗೇಟಲ್ಲಿ ಗುಲಾಬಿ ಕೊಡೋಕೆ ನಿಲ್ಸಿ. ಒಳಗೆ ಬರೋದು ಬೇಡ."

ಫ್ಲೆಕ್ಸ್ ಮಾಡಿಸಿದ್ದು ಭದ್ರಾವತಿಯ ಹಳೇನಗರದಲ್ಲಿ, ನನಗೆ ಪರಿಚಯದ ಅಂಗಡಿ. ಹುಟ್ಟುಹಬ್ಬ, ಸನ್ಮಾನ, ಗಣಪತಿ ಉತ್ಸವ, ಊರಿನ ಫ್ಲೆಕ್ಸುಗಳೆಲ್ಲ ಅಲ್ಲೇ ಆಗುವುದು. "ಫೋಟೋ ಕೊಟ್ರೆ ದೊಡ್ಡದು ಮಾಡಿದಾಗ ಮಸುಕಾಗುತ್ತೆ ಅಕ್ಕ. ಬೊಟ್ಟು ಬೇರೆ, ಗೆರೆ ಬೇರೆ ಇರೋ ಫೈಲೇ ಕೊಡಿ" ಎಂದ ಅಂಗಡಿಯವನು. ಎಷ್ಟು ಶ್ರದ್ಧೆ ಎಂದು ಖುಷಿಪಟ್ಟು ಕೊಟ್ಟುಬಂದೆ. ಸಮಿತಿ ಬರುವ ದಿನ ಬೆಳಿಗ್ಗೆ, ಸುತ್ತಿ ದಾರ ಕಟ್ಟಿದ ಫ್ಲೆಕ್ಸನ್ನು ಅವನಿಂದ ತೆಗೆದುಕೊಂಡು ಬಸ್ಸು ಹತ್ತಿದೆ. ಹುಡುಗಿ ರೇಷ್ಮೆ ಸೀರೆಯಲ್ಲಿದ್ದಳು. ಇಬ್ಬರೂ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆವು. "ನನ್ನ ಬೊಟ್ಟು ಅಷ್ಟು ದೊಡ್ಡದು ಬೇಡಾಗಿತ್ತು ಮೇಡಂ, ದೃಷ್ಟಿಯಾಗತ್ತೆ" ಎಂದಳು.

ದೃಷ್ಟಿ ಆಗಲೇ ತಾಗಿತ್ತು. ಸಮಿತಿಯವರು ಸಭಾಂಗಣದ ಮೆಟ್ಟಿಲು ಹತ್ತುವ ಹೊತ್ತಿಗೆ ಅಟೆಂಡರ್ ದಾರ ಬಿಚ್ಚಿ ಫ್ಲೆಕ್ಸ್ ತೂಗುಹಾಕಿದ. ಮೇಲ್ಗಡೆ ಬಂಡಿ ಚಕ್ರದಷ್ಟು ದೊಡ್ಡ ವೃತ್ತ, ಅದರೊಳಗೆ ಮೈಸೂರು ಪೇಟ, ಹಾರ ಹಾಕಿಕೊಂಡು ನಗುತ್ತಿರುವ ಪ್ರಾಂಶುಪಾಲರ ಫೋಟೋ. ಅದರ ಕೆಳಗೆ ಉಳಿದವರೆಲ್ಲ ಇಡ್ಲಿಗಳ ಹಾಗೆ ಒಂದೇ ಅಳತೆ. ಹೋಳಿಗೆಯಷ್ಟಿದ್ದ ನಮ್ಮ ಹುಡುಗಿಯೂ ಇಡ್ಲಿ, ಸೊಳ್ಳೆಯಷ್ಟಿದ್ದ ಹುಲಿ ಮೇಷ್ಟ್ರೂ ಇಡ್ಲಿ. ತೀರಾ ಕೆಳಗೆ, ನಾನು ಬರೆಯದೇ ಇದ್ದ ಒಂದು ಸಾಲು: "ಶುಭ ಕೋರುವವರು: ಉಪನ್ಯಾಸಕ ವೃಂದ."

ಕಾರಿಡಾರಿಗೆ ಹೋಗಿ ಅಂಗಡಿಯವನಿಗೆ ಫೋನ್ ಮಾಡಿದೆ.

"ಏನ್ ಮಾಡಿದ್ದೀಯ ಮಾರಾಯ ನೀನು?"

"ಸರಿ ಮಾಡಿದ್ದೀನಲ್ಲ ಅಕ್ಕ. ಸಾಹೇಬ್ರು ಸಾಸಿವೆಯಷ್ಟಿದ್ರು, ಯಾವುದೋ ಹೆಣ್ಣುಮಗಳು ಅಷ್ಟು ದೊಡ್ಡದು. ಮೊನ್ನೆ ಒಂದು ಬರ್ತ್‌ಡೇ ಫ್ಲೆಕ್ಸಲ್ಲಿ ಲೀಡರಿಗಿಂತ ಅವರ ಭಾವಮೈದುನನ ಫೋಟೋ ಒಂಚೂರು ದೊಡ್ಡದಾಗಿ, ಅಂಗಡಿಗೇ ಬಂದು ಗಲಾಟೆ ಮಾಡಿದ್ರು. ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಸಾಹೇಬ್ರನ್ನ ದೊಡ್ಡ ಮಾಡಿ, ಮಿಕ್ಕೋರಿಗೆ ಬೇಜಾರಾಗದಂಗೆ ಎಲ್ರನ್ನೂ ಸಮ ಮಾಡ್ದೆ. ಫೋಟೋ ನಮ್ಮಲ್ಲೇ ಇತ್ತು, ಅವರ ಸನ್ಮಾನದ್ದು."

"ಗೆರೆಗಳನ್ನೇನು ಮಾಡ್ದೆ?"

"ಗೆರೆ ಮುಟ್ಟಿಲ್ಲ ಅಕ್ಕ. ಡಿಸೈನ್ ಥರ ಚೆನ್ನಾಗಿತ್ತು."

ಒಳಗೆ ಬಂದೆ. ಸಮಿತಿಯ ಅಧ್ಯಕ್ಷೆ, ಬಿಳಿ ಕೂದಲಿನ ಮೇಡಂ, ಗುಲಾಬಿ ಕೈಯಲ್ಲಿ ಹಿಡಿದು ಫ್ಲೆಕ್ಸ್ ಮುಂದೆ ನಿಂತಿದ್ದರು. ಪಕ್ಕದಲ್ಲಿ ಪ್ರಾಂಶುಪಾಲರು, ಫೋಟೋದಲ್ಲಿದ್ದ ನಗೆಯನ್ನೇ ನಗುತ್ತಾ.

"ಈ ದೊಡ್ಡ ವೃತ್ತ ನಿಮ್ಮದಾ?"

"ಏನೋ, ಹಿರಿಯರ ಆಶೀರ್ವಾದ ಮೇಡಂ."

"ಆದ್ರೆ ನಿಮ್ಮಿಂದ ಒಂದೇ ಗೆರೆ ಹೊರಟಿದೆಯಲ್ಲ" ಎಂದು ಅವರು ಆ ಗೆರೆಯ ಮೇಲೆ ಬೆರಳಿಟ್ಟು ಇಳಿಯುತ್ತಾ ಬಂದರು. ಬೆರಳು ನಡುವಿನ ಒಂದು ಇಡ್ಲಿಯ ಮೇಲೆ ನಿಂತಿತು. ಸುತ್ತ ನೋಡಿದರು. "ಎಲ್ಲರ ಗೆರೆಗಳೂ ಇಲ್ಲಿಗೇ ಬಂದಿವೆ. ಯಾರಿವರು?"

ಪ್ರಾಂಶುಪಾಲರಿಗೆ ಕೆಮ್ಮು ಬಂತು. ಹಿಂದಿನಿಂದ ಹುಲಿ ಮೇಷ್ಟ್ರು ಬಾಯಿ ಬಿಟ್ಟರು. "ಕೆಮಿಸ್ಟ್ರಿಯವರು ಮೇಡಂ. ಅವರಿಲ್ಲದೆ ನಮ್ಮ ಯಾರ ಪ್ರಬಂಧವೂ ಆಗಿಲ್ಲ." ಆ ಮಾತಿಗೆ ಅವರ ಬೊಟ್ಟನ್ನು ನಾನೇ ಕೈಯಾರೆ ದೊಡ್ಡದು ಮಾಡಿಕೊಡೋಣ ಅನ್ನಿಸಿತು.

"ಎಲ್ಲಿದ್ದಾರೆ ಅವರು?"

"ಗೇಟಿನಲ್ಲಿ" ಎಂದೆ ನಾನು. "ನಿಮ್ಮ ಕೈಗೆ ಗುಲಾಬಿ ಕೊಟ್ಟರಲ್ಲ, ಅವರೇ."

ಅಧ್ಯಕ್ಷೆ ಕೈಯಲ್ಲಿದ್ದ ಹೂವನ್ನು ನೋಡಿದರು, ಆಮೇಲೆ ಪ್ರಾಂಶುಪಾಲರನ್ನು ನೋಡಿದರು. ಅಟೆಂಡರ್ ಓಡಿದ. ಮಿಕ್ಕ ಗುಲಾಬಿಗಳ ಬುಟ್ಟಿ ಹಿಡಿದುಕೊಂಡೇ ಹುಡುಗಿ ಬಂದಳು. ಅಡಿಕೆ ಸಿಪ್ಪೆಯ ಬಗ್ಗೆ ಕೇಳಿದರು. ಶುರುವಿಗೆ ಬುಟ್ಟಿ ಅಪ್ಪಿಕೊಂಡೇ ಎರಡು ಮಾತು ಹೇಳಿದಳು. ಆಮೇಲೆ ಬುಟ್ಟಿಯನ್ನು ಪ್ರಾಂಶುಪಾಲರ ಕೈಗೇ ಕೊಟ್ಟು, ಎರಡೂ ಕೈ ಆಡಿಸಿಕೊಂಡು ಹೇಳಿದಳು. ಅವರು ಬುಟ್ಟಿ ಹಿಡಿದು ನಿಂತೇ ಇದ್ದರು.

ಎಲ್ಲ ಮುಗಿದ ಮೇಲೆ ಪ್ರಾಂಶುಪಾಲರು, "ನಮ್ಮ ಮನೆ ಮಗಳಿದ್ದ ಹಾಗೆ ಮೇಡಂ. ಇವಳನ್ನ ಬಿಟ್ಟು ಕಾಲೇಜೇ ಇಲ್ಲ" ಎಂದರು.

ಹುಡುಗಿ ಅವರ ಕಡೆ ತಿರುಗಿದಳು. "ಹಾಗಾದ್ರೆ ಮುಂದಿನ ವರ್ಷದ ಆರ್ಡರ್ ಇವತ್ತೇ ಕೊಡ್ತೀರಾ ಸರ್? ನೋಡೋಣ ಅಂದಿದ್ರಿ."

ಅಧ್ಯಕ್ಷೆ ಹತ್ತಿರದ ಕುರ್ಚಿಯಲ್ಲಿ ಆರಾಮಾಗಿ ಕೂತು, "ಟೈಪ್ ಮಾಡಿಸಿ. ನಾವೂ ನೋಡಿಕೊಂಡೇ ಹೋಗ್ತೀವಿ" ಎಂದರು.

ಸಂಜೆ ಬಸ್ಸಿನಲ್ಲಿ ಹುಡುಗಿ ಮತ್ತೆ ಕಿಟಕಿ ಕಡೆ ತಿರುಗಿ ಕೂತಿದ್ದಳು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೇನೋ ಎಂದು ಬಗ್ಗಿ ನೋಡಿದೆ. ಆದೇಶದ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.