ಅವ್ವ ಹಸನು ಮಾಡಿದ ಮಣ್ಣು

ಕರ್ನಾಟಕ ಒಂದಾದ ವರ್ಷ, ದೀಪಾವಳಿ ಮುಗಿದ ಮೇಲಿನ ಮಾತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕುರ್ತಕೋಟಿಯ ಮನೆಯಲ್ಲಿ ಕುಳಿತಿದ್ದೆ. ತಲೆಯಲ್ಲಿ ಪಿಎಚ್.ಡಿ. ಹುಚ್ಚು. ಆದರೆ ಮನೆಯಲ್ಲಿ ಖರ್ಚು ಕೇಳುವ ಹಾಗಿರಲಿಲ್ಲ. ವಿದ್ಯಾರ್ಥಿವೇತನ ಸಿಕ್ಕರಷ್ಟೇ ಸಂಶೋಧನೆ. ಹೆಸರು ಕೇಳಿದ ಪ್ರಯೋಗಾಲಯಗಳಿಗೆಲ್ಲ ಪತ್ರ ಬರೆದೆ. ಉತ್ತರ ಕೊಟ್ಟವರೆಲ್ಲ ಸ್ವಂತ ಖರ್ಚಿನಲ್ಲಿ ಬರುವುದಾದರೆ ಬನ್ನಿ ಎಂದರು. ಅಷ್ಟು ಹೇಳಲು ಒಂದು ಲಕೋಟೆ ಯಾಕೆ ಹಾಳು ಮಾಡಿದರೋ!

ಕೊನೆಗೆ ಪುಣೆಯಿಂದ ಒಂದು ಪತ್ರ ಬಂತು. ಕಪ್ಪು ಮಣ್ಣಿನ ಸಂಶೋಧನೆಗೆ ವೇತನವಿರುವ ಒಂದೇ ಜಾಗವಿದೆ, ಸಂದರ್ಶನಕ್ಕೆ ಬರುವಾಗ ನಿಮ್ಮ ಹೊಲದಲ್ಲಿ ಎರಡು ಮೊಳ ಆಳದ ಮಣ್ಣು ತನ್ನಿ ಎಂದಿತ್ತು. ಅಗೆದು ಚೀಲ ತುಂಬಿ ಪಡಸಾಲೆಯಲ್ಲಿಟ್ಟೆ. ಸರ್ಟಿಫಿಕೇಟುಗಳ ನಕಲು ಟೈಪು ಮಾಡಿಸಲು ಗದಗಿಗೆ ಹೋಗಿ ಬಂದೆ. ಮರುದಿನ ಆ ಚೀಲ ಹೊತ್ತು ರೈಲು ಹತ್ತಿದೆ.

ಸಂದರ್ಶನ ಮಾಡಿದ ಪ್ರೊಫೆಸರು ವಿಜಾಪುರ ಕಡೆಯವರು. ಮಣ್ಣನ್ನು ಕಾಗದದ ಮೇಲೆ ಸುರಿದು ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು.

"ಇದು ಖರೇನ ನಿಮ್ಮ ಹೊಲದ್ದೇನು? ಎರಿಮಣ್ಣಾಗ ಸುಣ್ಣದ ಹಳ್ಳು ಇರಬೇಕಲ್ಲ? ನನಗ ಬೇಕಾಗಿದ್ದೇ ಅವು."

ನಾನೂ ನೋಡಿದೆ. ಮಣ್ಣು ಹಿಟ್ಟಿನ ಹಾಗಿತ್ತು. ಅಗೆಯುವಾಗ ಹಳ್ಳು, ಆ ಬಿಳಿ ಸಣ್ಣ ಕಲ್ಲುಗಳು, ಗುದ್ದಲಿಗೆ ತಾಗಿದ್ದು ಚೆನ್ನಾಗಿ ನೆನಪಿತ್ತು. ಸುಳ್ಳುಗಾರ ಅನ್ನಿಸಿಕೊಂಡು ಹೊರಗೆ ಬೀಳುತ್ತೇನೆ ಎಂದುಕೊಂಡೆ. ಆಗ ಹೊಳೆಯಿತು. ನಮ್ಮಲ್ಲಿ ಬೇರೆಯವರ ಮನೆಗೆ ಕಾಳು ಕಳಿಸುವಾಗ ಹಳ್ಳು ಆರಿಸಿ, ಜರಡಿ ಹಿಡಿದೇ ಕಳಿಸುತ್ತಾರೆ. ಇಲ್ಲದಿದ್ದರೆ ಮನೆಯ ಹೆಂಗಸಿಗೆ ಅವಮಾನ.

"ನಮ್ಮವ್ವ ಹಸನ ಮಾಡ್ಯಾಳ್ರಿ ಸರ್," ಅಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಟು ದಿನ ಜಾಗಾ ಕಾಯ್ದಿಡ್ತೀನಿ, ಮತ್ತ ತಗೊಂಡ ಬಾ. ಅವ್ವಗ ಮಾತ್ರ ಬೈಬ್ಯಾಡ."

ನಾನು ಬೈದೆ. ಹೊಸ್ತಿಲು ದಾಟುತ್ತಲೇ, "ಅದನ್ನ ಮುಟ್ಟಾಕ ನಿನಗ ಯಾರು ಹೇಳಿದ್ರು?" ಎಂದು ಕೂಗಾಡಿದೆ.

"ದೊಡ್ಡವರ ಕೈಗೆ ಹೋಗೂದು, ಹಳ್ಳು ಇದ್ರ ನಿನ್ನ ಮಾನ ಹೋದೀತಂತ ಮಾಡಿದ್ನೋ ಯಪ್ಪಾ," ಎಂದಳು ಅವ್ವ. ನಾನು ಗದಗಿಗೆ ಹೋದಾಗ ಮಣ್ಣಿನ ಹೆಂಟೆ ಕುಟ್ಟಿ, ಮಧ್ಯಾಹ್ನವೆಲ್ಲ ಕುಳಿತು ಆರಿಸಿದ್ದಳಂತೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಹಂಗಾರ ನಿನ್ನ ಜಾಗಾ ಹೋತೇನು?"

ಇಲ್ಲ ಅನ್ನಬಹುದಿತ್ತು. ಸಿಟ್ಟಿನಲ್ಲಿ ಉತ್ತರ ಕೊಡದೆ ಗುದ್ದಲಿ ಹಿಡಿದು ಹೊಲಕ್ಕೆ ನಡೆದೆ.

ಜಾಗ ಸಿಕ್ಕಿತು, ಪಿಎಚ್.ಡಿ.ಯೂ ಆಯಿತು. ಆದರೆ ಅಂದಿನಿಂದ ನಾನು ರಜೆಗೆ ಬಂದಾಗಲೆಲ್ಲ, ಒಗೆಯಲು ನನ್ನ ಅಂಗಿ ಎತ್ತಿಕೊಳ್ಳುವ ಮೊದಲು ಕೂಡ ಅವ್ವ ಕೇಳುತ್ತಿದ್ದಳು: "ಇದನ್ನ ಮುಟ್ಲೇನೋ ತಮ್ಮಾ?"

ಮುಟ್ಟವ್ವಾ ಅನ್ನುತ್ತಿದ್ದೆ. ತಪ್ಪಾಯಿತು ಎಂಬ ಮಾತು ಮಾತ್ರ ಅವಳು ಇರುವ ತನಕ ನನ್ನ ಬಾಯಿಂದ ಬರಲಿಲ್ಲ.